ಒಂದು ಕಮಿಟಿ ಎರಡಾದ ಕತೆ: ಡಾರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್

ಗಲ್ಫ್‌ನಿಂದ ರಜೆಯಲ್ಲಿ ಬರುವವರು ಮಕ್ಕಳಿಗೆ ತರುವ ಆಟದ ಸಾಮಾನುಗಳಲ್ಲಿ ಅಯಸ್ಕಾಂತದ ಡಾರ್ಟ್ ಬೋರ್ಡ್ ಕೂಡ ಒಂದು. ಗೋಡೆಯ ಮೊಳೆಗೆ ನೇತುಹಾಕಿ, ಸ್ವಲ್ಪ ದೂರ ನಿಂತು ಪುಟ್ಟ ಬಾಣ ಎಸೆಯುವುದು. ಒಂದು ವಾರ ಮನೆಯಲ್ಲಿ ಗದ್ದಲವೋ ಗದ್ದಲ. ಆಮೇಲೆ ಬಾಣಗಳು ಒಂದೊಂದಾಗಿ ಕಪಾಟಿನ ಅಡಿ ಸೇರುತ್ತವೆ, ಬೋರ್ಡ್ ಮಾತ್ರ ಗೋಡೆಯಲ್ಲಿ ಉಳಿಯುತ್ತದೆ. ಮೊನ್ನೆ ಮದ್ರಸದಲ್ಲಿ ಐದನೇ ತರಗತಿಯ ಹುಡುಗನೊಬ್ಬ ಕೇಳಿದ: "ಉಸ್ತಾದ್, ಅದರಲ್ಲಿ 20ರ ಪಕ್ಕ 1 ಯಾಕೆ ಉಂಟು? 19 ಅಲ್ವಾ ಇರಬೇಕಾದ್ದು?"

ಪ್ರಶ್ನೆ ಒಳ್ಳೆಯದೇ. 20 ಬೇಕು ಅಂತ ಎಸೆದವನ ಕೈ ಕೂದಲೆಳೆಯಷ್ಟು ತಪ್ಪಿದರೆ ಒಂದು ಬದಿಯಲ್ಲಿ 1, ಇನ್ನೊಂದು ಬದಿಯಲ್ಲಿ 5. ದೊಡ್ಡದಕ್ಕೆ ಆಸೆಪಟ್ಟವನಿಗೆ ದಂಡವನ್ನು ಪಕ್ಕದಲ್ಲೇ ಇಟ್ಟಿದ್ದಾರೆ. ಅಷ್ಟು ಹೇಳಿದ್ದಕ್ಕೆ ಹುಡುಗನಿಗೆ ಸಮಾಧಾನ ಆಯಿತು. ಆದರೆ ಈ ಆಟಕ್ಕೊಂದು ವಿಶ್ವ ಚಾಂಪಿಯನ್‌ಶಿಪ್ ಉಂಟು, ಅದಕ್ಕೊಂದು ಉದ್ದದ ಕತೆ ಉಂಟು. ತರಗತಿಯಲ್ಲಿ ಅದನ್ನು ಹೇಳಿ ಮುಗಿಸಲು ಸಾಧ್ಯವಿರಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. 1978ರಲ್ಲಿ ಇದನ್ನು ಗೆದ್ದವನಿಗೆ ಸಿಕ್ಕಿದ್ದು 3,000 ಪೌಂಡ್. ಈಗ ಗೆದ್ದವನಿಗೆ ಇಟ್ಟಿರುವುದು 10 ಲಕ್ಷ ಪೌಂಡ್. ಈ ಎರಡು ಮೊತ್ತಗಳ ನಡುವೆ ಒಂದು ದೊಡ್ಡ ಜಗಳ, ಒಂದು ಬಹಿಷ್ಕಾರ, ಒಂದು ಕೋರ್ಟ್ ಕೇಸು. ಕಮಿಟಿ ಒಡೆಯುವುದು ಅಂದರೆ ಏನು ಅಂತ ನಮ್ಮ ಊರುಗಳಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಒಡೆದ ಮೇಲೆ ಏನಾಯಿತು ಎಂಬುದೇ ಇಲ್ಲಿಯ ವಿಷಯ.

ಮೊದಲು ಆಟ ಏನು ಅಂತ ನೋಡುವ. ಅಸಲಿ ಬೋರ್ಡ್ ಮರದ್ದಲ್ಲ, ಸಿಸಲ್ ಎಂಬ ಕತ್ತಾಳೆ ಜಾತಿಯ ಗಿಡದ ನಾರಿನದ್ದು. ನಾರಿನ ಎಳೆಗಳನ್ನು ತುದಿ ಮುಂದಾಗಿ ಒತ್ತೊತ್ತಾಗಿ ಅದುಮಿ ಕಟ್ಟಿರುತ್ತಾರೆ. ಬಾಣದ ಮೊನೆ ಎಳೆಗಳ ನಡುವೆ ಜಾಗ ಮಾಡಿಕೊಂಡು ನಿಲ್ಲುತ್ತದೆ, ಕಿತ್ತಾಗ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಅದಕ್ಕೇ ಸಾವಿರ ಸಲ ಚುಚ್ಚಿದರೂ ಬೋರ್ಡ್ ಜರಡಿ ಆಗುವುದಿಲ್ಲ. ನೆಲದಿಂದ ಬೋರ್ಡಿನ ನಡುಬಿಂದುವಿಗೆ 1.73 ಮೀಟರ್ ಎತ್ತರ, ಎಸೆಯುವವನು ನಿಲ್ಲುವ ಗೆರೆಗೆ 2.37 ಮೀಟರ್ ದೂರ. ಹೊರ ಅಂಚಿನ ಸಪೂರ ಪಟ್ಟಿಗೆ ಬಿದ್ದರೆ ಅಂಕ ಎರಡರಷ್ಟು, ಒಳಗಿನ ಪಟ್ಟಿಗೆ ಬಿದ್ದರೆ ಮೂರರಷ್ಟು. ಆ ಪಟ್ಟಿಗಳ ಅಗಲ ಬರೀ 8 ಮಿಲಿಮೀಟರ್. ನಟ್ಟನಡುವಿನ ಬುಲ್‌ಗೆ 50. ನಾವು ಮಕ್ಕಳಿಗೆ ನಡುವಿಗೆ ಹೊಡಿ ಅಂತ ಹೇಳುತ್ತೇವೆ, ಆದರೆ ಬಲ್ಲವರು ಗುರಿ ಇಡುವುದು 20ರ ಮೂರರಷ್ಟಿನ ಪಟ್ಟಿಗೆ. ಅಲ್ಲಿ 60. ಮೂರೂ ಬಾಣ ಅಲ್ಲೇ ಬಿದ್ದರೆ 180, ಅದಕ್ಕಿಂತ ಮೇಲೆ ಇಲ್ಲ.

ಅಂಕ ಕೂಡಿಸುತ್ತಾ ಹೋಗುವ ಆಟವಲ್ಲ ಇದು, ಕಳೆಯುತ್ತಾ ಹೋಗುವ ಆಟ. 501ರಿಂದ ಶುರು. ಸರಿಯಾಗಿ ಸೊನ್ನೆಗೆ ಬರಬೇಕು, ಕೊನೆಯ ಬಾಣ ಎರಡರಷ್ಟಿನ ಪಟ್ಟಿಗೋ ಬುಲ್‌ಗೋ ಬೀಳಬೇಕು. ಅಂದರೆ ಪ್ರತಿ ಬಾಣದ ಹಿಂದೆ ಒಂದು ಮನೆಲೆಕ್ಕ ನಡೆಯುತ್ತಿರುತ್ತದೆ. 138 ಉಳಿದರೆ ಯಾವ ಮೂರು ಬಾಣದಲ್ಲಿ ಮುಗಿಸುವುದು, ಒಂದು ತಪ್ಪಿದರೆ ಬೇರೆ ಯಾವ ದಾರಿ. ಹದಿನೈದು ಹದಿನಾರು ವಯಸ್ಸಿಗೆ ಶಾಲೆ ಬಿಟ್ಟು ಕಾರ್ಖಾನೆಗೆ ಹೋದವರು ಈ ಲೆಕ್ಕವನ್ನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮಾಡುತ್ತಿದ್ದರು. ಮಕ್ಕಳಿಗೆ ಪಾಠ ಹೇಳುವ ನನ್ನಂಥವನಿಗೆ ಈ ಆಟದಲ್ಲಿ ಹಿಡಿಸಿದ ಮೊದಲ ಸಂಗತಿ ಇದೇ.

ನಾಟಿಂಗ್‌ಹ್ಯಾಮ್‌ನ ಹದಿನಾರು ಮಂದಿ

ಇಂಗ್ಲೆಂಡಿನಲ್ಲಿ ಡಾರ್ಟ್ಸ್ ಪಬ್‌ಗಳ ಗೋಡೆಯಲ್ಲಿ ಬೆಳೆದ ಆಟ. ಕಲ್ಲಿದ್ದಲು ಗಣಿಯವರು, ಕಾರ್ಖಾನೆಯವರು, ಲಾರಿ ಓಡಿಸುವವರು ಸಂಜೆ ಸೇರಿ ಆಡುತ್ತಿದ್ದದ್ದು. 'ನ್ಯೂಸ್ ಆಫ್ ದಿ ವರ್ಲ್ಡ್' ಪತ್ರಿಕೆ 1927ರಲ್ಲಿ ಲಂಡನ್ ಸುತ್ತಮುತ್ತ ಒಂದು ಪಂದ್ಯಾವಳಿ ಶುರು ಮಾಡಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಇಡೀ ದೇಶಕ್ಕೆ ಹಬ್ಬಿತು. ಆದರೂ ಆಟಕ್ಕೆ ಒಂದು ಗಟ್ಟಿ ಸಂಘಟನೆ ಬಂದದ್ದು 1973ರಲ್ಲಿ. ಓಲಿ ಕ್ರಾಫ್ಟ್ ಎಂಬ ಲಂಡನ್ನಿನವರು ಬ್ರಿಟಿಷ್ ಡಾರ್ಟ್ಸ್ ಆರ್ಗನೈಸೇಶನ್ ಕಟ್ಟಿದರು. ಆಫೀಸು ಅಂತ ಬೇರೆ ಇರಲಿಲ್ಲ. ಮಸ್ವೆಲ್ ಹಿಲ್ ಎಂಬಲ್ಲಿದ್ದ ಅವರ ಸ್ವಂತ ಮನೆಯೇ ಆಫೀಸು, ಹೆಂಡತಿ ಲೋರ್ನಾ ಜೊತೆಗಾರ್ತಿ. ಜಿಲ್ಲೆ ಜಿಲ್ಲೆಯ ತಂಡಗಳು, ಲೀಗ್‌ಗಳು, ನಿಯಮಗಳು, ಗೆರೆಯ ದೂರ, ಎಲ್ಲವನ್ನೂ ಒಂದು ಹದಕ್ಕೆ ತಂದವರು ಅವರು. ಈ ಕತೆಯಲ್ಲಿ ಮುಂದೆ ಅವರ ಮೇಲೆ ಸಿಟ್ಟು ಬರುವ ಜಾಗ ಬರುತ್ತದೆ. ಆಗಲೂ ಇದನ್ನು ಮರೆಯಬಾರದು.

ಅದೇ ಹೊತ್ತಿಗೆ ಟಿವಿಯವರೂ ಒಂದು ಉಪಾಯ ಕಂಡುಕೊಂಡರು. ಪರದೆಯನ್ನು ಎರಡು ಭಾಗ ಮಾಡಿ ಒಂದು ಕಡೆ ಆಟಗಾರನ ಮುಖ, ಇನ್ನೊಂದು ಕಡೆ ಬೋರ್ಡ್. ಎಸೆಯುವವನ ಹಣೆಯ ಬೆವರು ಮತ್ತು ಬಾಣ ಬಿದ್ದ ಜಾಗ ಒಟ್ಟಿಗೇ ಕಾಣುವಂತಾಯಿತು. ಅದರ ಜೊತೆ ಸಿಡ್ ವಾಡೆಲ್ ಎಂಬವರ ಕಾಮೆಂಟರಿ. ಇವರು ಗಣಿ ಕಾರ್ಮಿಕನ ಮಗ, ಕೇಂಬ್ರಿಡ್ಜ್‌ನಲ್ಲಿ ಇತಿಹಾಸ ಓದಿದವರು. ಪಬ್ ಆಟಕ್ಕೆ ಅಲೆಕ್ಸಾಂಡರ್ ಚಕ್ರವರ್ತಿಯ ಉಪಮೆ ತರುವ ಧೈರ್ಯ ಅವರಿಗಿತ್ತು.

1978ರ ಫೆಬ್ರವರಿಯಲ್ಲಿ ನಾಟಿಂಗ್‌ಹ್ಯಾಮ್‌ನ ಒಂದು ನೈಟ್‌ಕ್ಲಬ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಆಡಿದವರು 16 ಮಂದಿ. ಪ್ರಾಯೋಜಕರು ಎಂಬಸಿ ಸಿಗರೇಟು ಕಂಪನಿ. ವೇಲ್ಸ್‌ನ ಲೈಟನ್ ರೀಸ್ ಫೈನಲ್‌ನಲ್ಲಿ ಇಂಗ್ಲೆಂಡಿನ ಜಾನ್ ಲೋವ್‌ರನ್ನು 11-7ರಿಂದ ಸೋಲಿಸಿದರು. ಮರುವರ್ಷ ಪಂದ್ಯಾವಳಿ ಸ್ಟೋಕ್ ನಗರಕ್ಕೆ ಹೋಯಿತು, ಲೋವ್ ಅದೇ ರೀಸ್‌ರನ್ನು 5-0 ಸೆಟ್‌ಗಳಿಂದ ಸೋಲಿಸಿ ಲೆಕ್ಕ ಚುಕ್ತಾ ಮಾಡಿದರು. 1986ರಿಂದ ಲಂಡನ್ ಹೊರಗಿನ ಫ್ರಿಮ್ಲಿ ಗ್ರೀನ್ ಎಂಬ ಹಳ್ಳಿಯ ಲೇಕ್‌ಸೈಡ್ ಕ್ಲಬ್ ಇದರ ಮನೆಯಾಯಿತು.

ಆ ವರ್ಷಗಳ ರಾಜ ಎರಿಕ್ ಬ್ರಿಸ್ಟೋ. ಲಂಡನ್ನಿನ ಹುಡುಗ. ಕಿರುಬೆರಳನ್ನು ಎತ್ತಿಕೊಂಡು ಬಾಣ ಹಿಡಿಯುವುದು, ಎದುರಾಳಿಯನ್ನು ಮಾತಿನಲ್ಲೇ ಅರ್ಧ ಸೋಲಿಸುವುದು. 1980, 81, 84, 85, 86, ಹೀಗೆ ಐದು ಸಲ ಚಾಂಪಿಯನ್. ಸ್ಕಾಟ್ಲೆಂಡಿನ ಜಾಕಿ ವಿಲ್ಸನ್ ಇನ್ನೊಬ್ಬರು. ಬಾಲ್ಯದ ಬಹುಪಾಲು ಅನಾಥಾಶ್ರಮದಲ್ಲಿ ಕಳೆದವರು, ಗಣಿಯಲ್ಲಿ ದುಡಿದವರು, 1982 ಮತ್ತು 1989ರಲ್ಲಿ ಗೆದ್ದರು.

ಆದರೆ ಹಳಬರು ಈಗಲೂ ಹೇಳುವುದು 1983ರ ಫೈನಲ್ ಬಗ್ಗೆ. ಕೀತ್ ಡೆಲ್ಲರ್ ಎಂಬ 23 ವರ್ಷದ ಹುಡುಗ ಅರ್ಹತಾ ಸುತ್ತು ಆಡಿ ಬಂದವನು. ದಾರಿಯಲ್ಲಿ ಲೋವ್‌ರನ್ನು ಸೋಲಿಸಿದ, ಜಾಕಿ ವಿಲ್ಸನ್‌ರನ್ನು ಸೋಲಿಸಿದ, ಫೈನಲ್‌ನಲ್ಲಿ ಎದುರು ನಿಂತದ್ದು ಬ್ರಿಸ್ಟೋ. ಐದೈದು ಸೆಟ್ ಸಮ. ಕೊನೆಯ ಸೆಟ್. ಡೆಲ್ಲರ್‌ಗೆ 138 ಉಳಿದಿತ್ತು. ಬ್ರಿಸ್ಟೋಗೆ 50 ಉಳಿದಿತ್ತು, ಕೈಯಲ್ಲಿ ಒಂದು ಬಾಣ. ನಡುವಿನ ಬುಲ್‌ಗೆ ಎಸೆದು ಹೊಡೆದರೆ ಆ ಲೆಗ್ ಅಲ್ಲೇ ಮುಗಿಯುತ್ತಿತ್ತು. ಬ್ರಿಸ್ಟೋ ಎಸೆಯಲಿಲ್ಲ. ಹುಡುಗ 138ನ್ನು ಮೂರು ಬಾಣದಲ್ಲಿ ಮುಗಿಸುವುದು ಎಲ್ಲಿಂದ, ನನಗೆ ಇನ್ನೊಂದು ಸರದಿ ಬಂದೇ ಬರುತ್ತದೆ ಅಂತ ಲೆಕ್ಕ ಹಾಕಿ, 18ಕ್ಕೆ ಹೊಡೆದು ತನಗಿಷ್ಟದ 32ನ್ನು ಉಳಿಸಿಕೊಂಡು ಹಿಂದೆ ಸರಿದು ನಿಂತರು. ಡೆಲ್ಲರ್ ಗೆರೆಗೆ ಬಂದ. 20ರ ಮೂರರಷ್ಟು, 60. 18ರ ಮೂರರಷ್ಟು, 54. ಉಳಿದದ್ದು 24. ಮೂರನೇ ಬಾಣ 12ರ ಎರಡರಷ್ಟಿನ ಪಟ್ಟಿಗೆ. ಮುಗಿಯಿತು.

ಬ್ರಿಸ್ಟೋ ಲೆಕ್ಕ ತಪ್ಪಿರಲಿಲ್ಲ, ಹತ್ತರಲ್ಲಿ ಒಂಬತ್ತು ಸಲ ಆ ಲೆಕ್ಕವೇ ಸರಿ. ಆದರೆ ಎದುರಿನವನನ್ನು ಸಣ್ಣವನು ಅಂತ ತೂಕ ಹಾಕಿದ್ದು ಆ ಒಂದು ಸಲ ದುಬಾರಿಯಾಯಿತು.

ಗುರು ಮತ್ತು ಶಿಷ್ಯ

1986ರ ಕೊನೆಯ ಹೊತ್ತಿಗೆ ಬ್ರಿಸ್ಟೋಗೆ ಒಂದು ವಿಚಿತ್ರ ಕಾಯಿಲೆ ಹಿಡಿಯಿತು. ಕೈಗೆ ನೋವಿಲ್ಲ, ಕಣ್ಣಿಗೆ ತೊಂದರೆಯಿಲ್ಲ. ಆದರೆ ಬಾಣ ಬೆರಳಿನಿಂದ ಬಿಡುವುದಿಲ್ಲ. ಎಸೆಯಲು ಕೈ ಎತ್ತಿದರೆ ಕೈ ಅಲ್ಲೇ ನಿಂತುಬಿಡುತ್ತದೆ. ಇದಕ್ಕೆ ಆಟದವರು ಡಾರ್ಟೈಟಿಸ್ ಅಂತ ಹೆಸರಿಟ್ಟಿದ್ದಾರೆ. ಮನಸ್ಸಿನಿಂದ ಕೈಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಗಂಟು. ಲೋಕದಲ್ಲೇ ಹೆಚ್ಚು ಸಲೀಸಾಗಿ ಎಸೆಯುತ್ತಿದ್ದ ಮನುಷ್ಯನಿಗೆ ಇದು ಬಂತು. ಮೊದಲಿನ ಬ್ರಿಸ್ಟೋ ಮತ್ತೆ ಪೂರ್ತಿ ಹಿಂದೆ ಬರಲಿಲ್ಲ.

ಆ ವರ್ಷಗಳಲ್ಲೇ ಅವರು ಸ್ಟೋಕ್‌ನಲ್ಲಿ ಒಬ್ಬನನ್ನು ಗುರುತಿಸಿದ್ದರು. ಫಿಲ್ ಟೇಲರ್. ಪಿಂಗಾಣಿ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಪಾಯಿಖಾನೆಯ ಸರಪಳಿಯ ಹಿಡಿಕೆ ಇತ್ಯಾದಿ ತಯಾರಿಸುತ್ತಿದ್ದ, ಹೆಂಡತಿ ಮಕ್ಕಳಿದ್ದ, ವಯಸ್ಸು ಮೂವತ್ತರ ಹತ್ತಿರ ಬಂದ ಮನುಷ್ಯ. ಊರೂರು ಸುತ್ತಿ ಪಂದ್ಯ ಆಡಲು ಸಂಬಳ ಸಾಲದು. ಬ್ರಿಸ್ಟೋ ಸಾವಿರಾರು ಪೌಂಡ್ ಸಾಲ ಕೊಟ್ಟರು. ಕೆಲಸ ಬಿಟ್ಟು ದಿನವಿಡೀ ಅಭ್ಯಾಸ ಮಾಡು, ಗೆದ್ದು ತೀರಿಸು ಅಂತ ಷರತ್ತು. ಮುದ್ದು ಮಾಡುವ ಗುರು ಅಲ್ಲ ಅವರು, ಫೈನಲ್‌ನಲ್ಲಿ ಸೋತು ಬಂದರೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲವಂತೆ.

1990ರ ಜನವರಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ಫೈನಲ್. ಒಂದು ಕಡೆ ಬ್ರಿಸ್ಟೋ, ಇನ್ನೊಂದು ಕಡೆ ಮೊದಲ ಸಲ ಈ ವೇದಿಕೆ ಹತ್ತಿದ ಟೇಲರ್. ಶಿಷ್ಯ 6-1ರಿಂದ ಗೆದ್ದ. ಸಾಲ ಕೊಟ್ಟವನನ್ನೇ ಸೋಲಿಸಿ ಸಾಲ ತೀರಿಸುವ ಹಣ ಸಂಪಾದಿಸಿದ ಹಾಗೆ ಆಯಿತು. ಇನ್ನೂ ಏಳು ವರ್ಷ ಕಳೆದು 1997ರ ಸೆಮಿಫೈನಲ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು. ಹೊತ್ತಿಗೆ ಬ್ರಿಸ್ಟೋ ಕತೆ ಮುಗಿಯಿತು ಅಂತ ಎಲ್ಲರೂ ಬರೆದಿದ್ದರು. ಆ ರಾತ್ರಿ ಅವರ ಕೈ ಮಾತು ಕೇಳಿತು, ಪಂದ್ಯ ಕೊನೆಯ ಸೆಟ್‌ವರೆಗೆ ಹೋಯಿತು. ಟೇಲರ್ 5-4ರಿಂದ ಪಾರಾದರು. ಗುರು ಸೋತ ಆಟವನ್ನೂ ಜನ ನೆನಪಿಟ್ಟುಕೊಂಡಿದ್ದಾರೆ.

ಆದರೆ ಆ 1997ರ ಪಂದ್ಯ ನಡೆದದ್ದು ಲೇಕ್‌ಸೈಡ್‌ನಲ್ಲಿ ಅಲ್ಲ, ಬೇರೆ ಜಾಗದಲ್ಲಿ, ಬೇರೆ ಚಾಂಪಿಯನ್‌ಶಿಪ್‌ನಲ್ಲಿ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದೆ ಹೋಗಬೇಕು.

ಬಹಿಷ್ಕಾರ

1980ರ ದಶಕದ ಆರಂಭದಲ್ಲಿ ಬ್ರಿಟನ್ ಟಿವಿಯಲ್ಲಿ ಡಾರ್ಟ್ಸ್ ಇಲ್ಲದ ತಿಂಗಳು ಕಡಿಮೆ. ದಶಕ ಮುಗಿಯುವ ಹೊತ್ತಿಗೆ ಚಾನೆಲ್‌ಗಳು ಒಂದೊಂದಾಗಿ ಕೈಬಿಟ್ಟವು. ವೇದಿಕೆಯಲ್ಲೇ ಕುಡಿದು ಸಿಗರೇಟು ಸೇದಿ ಆಡುವ ಹೊಟ್ಟೆ ಬೆಳೆದ ಗಂಡಸರು ಅಂತ ಟಿವಿಯ ಹಾಸ್ಯ ಕಾರ್ಯಕ್ರಮಗಳು ಗೇಲಿ ಮಾಡಿದ್ದು ಅಂಟಿಕೊಂಡಿತ್ತು. ಗೇಲಿ ಸುಳ್ಳೂ ಆಗಿರಲಿಲ್ಲ. ಆಮೇಲೆ ವೇದಿಕೆ ಮೇಲೆ ಕುಡಿಯುವುದು, ಸೇದುವುದು ನಿಲ್ಲಿಸಿದರು, ಅಷ್ಟರಲ್ಲಿ ತಡವಾಗಿತ್ತು. 1990ರ ದಶಕ ಶುರುವಾಗುವಾಗ ಟಿವಿಯಲ್ಲಿ ಉಳಿದದ್ದು ಬಹುತೇಕ ವಿಶ್ವ ಚಾಂಪಿಯನ್‌ಶಿಪ್ ಒಂದೇ. ಡಾರ್ಟ್ಸನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದವರಿಗೆ ಪ್ರಾಯೋಜಕರು ಸಿಗುವುದು ಕಷ್ಟವಾಯಿತು.

ಆಟಗಾರರು ಕೇಳಿದ್ದು ದೊಡ್ಡದೇನಲ್ಲ. ಆಟದ ಹೆಸರು ಸರಿಪಡಿಸಲು ಪ್ರಚಾರದ ಕೆಲಸ ಬಲ್ಲ ಒಬ್ಬರನ್ನು ನೇಮಿಸಿ, ಟಿವಿಯಲ್ಲಿ ಇನ್ನಷ್ಟು ಪಂದ್ಯಾವಳಿ ತನ್ನಿ, ನಮ್ಮ ಮಾತಿಗೂ ಒಂದು ಜಾಗ ಕೊಡಿ. ಸಂಘಟನೆಯ ವಾದವೂ ಇತ್ತು. ನಾವು ಇರುವುದು ಮೇಲಿನ ಹದಿನಾರು ಮಂದಿಗೆ ಅಲ್ಲ, ಊರೂರ ಕ್ಲಬ್ಬುಗಳಲ್ಲಿ ಆಡುವ ಸಾವಿರಾರು ಜನರಿಗೆ. ನನ್ನ ಮಟ್ಟಿಗೆ ಈ ವಾದದಲ್ಲಿ ತೂಕ ಇದೆ. ಆದರೆ ಆ ಸಾವಿರಾರು ಜನ ಟಿವಿ ಮುಂದೆ ಕೂತದ್ದು ಈ ಹದಿನಾರು ಮಂದಿಯನ್ನು ನೋಡಲು ಎಂಬುದೂ ಅಷ್ಟೇ ನಿಜ ಅಲ್ವಾ?

1992ರಲ್ಲಿ ಆಟಗಾರರೂ ಮ್ಯಾನೇಜರ್‌ಗಳೂ ಸೇರಿ ವರ್ಲ್ಡ್ ಡಾರ್ಟ್ಸ್ ಕೌನ್ಸಿಲ್ ಎಂಬ ಬೇರೆ ಸಂಸ್ಥೆ ಮಾಡಿದರು. 1993ರ ಜನವರಿಯಲ್ಲಿ ಲೇಕ್‌ಸೈಡ್‌ಗೆ ಬಂದಾಗ ಅಂಗಿಯ ಮೇಲೆ ಕೌನ್ಸಿಲ್‌ನ ಬ್ಯಾಡ್ಜ್ ಇತ್ತು. ತೆಗೆಯಿರಿ ಅಂತ ಆದೇಶ ಬಂತು. ಬ್ಯಾಡ್ಜ್ ಒಂದು ನೆಪ, ಒಳಗಿನ ಹುಣ್ಣು ಹಳೆಯದು. ಆ ವಾರವೇ 16 ಮಂದಿ ಒಂದು ಹೇಳಿಕೆಗೆ ಸಹಿ ಹಾಕಿದರು: ಮುಂದೆ ವಿಶ್ವ ಚಾಂಪಿಯನ್‌ಶಿಪ್ ನಮ್ಮ ಕೌನ್ಸಿಲ್‌ನ ಅಡಿಯಲ್ಲಿ ನಡೆದರೆ ಮಾತ್ರ ಆಡುತ್ತೇವೆ. ಸಹಿ ಹಾಕಿದವರಲ್ಲಿ ಬ್ರಿಸ್ಟೋ, ಲೋವ್, ಜಾಕಿ ವಿಲ್ಸನ್, ಡೆಲ್ಲರ್, ಬಾಬ್ ಆಂಡರ್ಸನ್, ಟೇಲರ್, ಡೆನಿಸ್ ಪ್ರೀಸ್ಟ್‌ಲಿ ಇದ್ದರು. ಆಗಿನ್ನೂ ಆಡುತ್ತಿದ್ದ ವಿಶ್ವ ಚಾಂಪಿಯನ್ನರೆಲ್ಲ ಒಂದೇ ಕಡೆ ನಿಂತಿದ್ದರು.

ಏಪ್ರಿಲ್‌ನಲ್ಲಿ ಸಂಘಟನೆ ಉತ್ತರ ಕೊಟ್ಟಿತು. ಈ ಆಟಗಾರರಿಗೆ ತನ್ನ ಎಲ್ಲ ಪಂದ್ಯಾವಳಿಗಳಿಂದ ನಿಷೇಧ. ವಿಶ್ವ ಚಾಂಪಿಯನ್‌ಶಿಪ್ ಬಿಡಿ, ತಮ್ಮ ಜಿಲ್ಲೆಯ ತಂಡಕ್ಕೂ ಆಡುವಂತಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಇವರ ಜೊತೆ ಪ್ರದರ್ಶನ ಪಂದ್ಯ ಆಡುವವರು, ಇವರ ಕಾರ್ಯಕ್ರಮಕ್ಕೆ ಹೋಗುವ ಪದಾಧಿಕಾರಿಗಳು, ಅವರಿಗೂ ಅದೇ ಗತಿ ಅಂತ ಹೇಳಿತು. ಪಬ್ಬು ಕ್ಲಬ್ಬುಗಳಲ್ಲಿ ರಾತ್ರಿಗೊಂದು ಪ್ರದರ್ಶನ ಆಡಿ ಸಂಸಾರ ಸಾಗಿಸುತ್ತಿದ್ದವರಿಗೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಲಾಂ ಹೇಳಿದವನಿಗೂ ದಂಡ ಎಂಬ ಬಹಿಷ್ಕಾರ ಅದು. ಹದಿನಾರರಲ್ಲಿ ಇಬ್ಬರು, ಮೈಕ್ ಗ್ರೆಗರಿ ಮತ್ತು ಕ್ರಿಸ್ ಜಾನ್ಸ್, ಹಿಂದೆ ಹೋದರು. ಈ ಗ್ರೆಗರಿ 1992ರ ಫೈನಲ್‌ನಲ್ಲಿ ಟೇಲರ್ ಎದುರು ಕೊನೆಯ ಸೆಟ್‌ವರೆಗೆ ಹೋರಾಡಿ ಸೋತವರು. ಅವರನ್ನು ಹೇಡಿ ಅನ್ನಲು ನನಗೆ ಮನಸ್ಸಿಲ್ಲ. ಮನೆಯ ಅಡುಗೆ ಒಲೆ ಯಾರದ್ದು ಹೇಗೆ ಉರಿಯುತ್ತದೆ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ.

ಉಳಿದ ಹದಿನಾಲ್ಕು ಮಂದಿ ನಿಂತರು. 1993ರ ಡಿಸೆಂಬರ್ ಕೊನೆಗೆ ಎಸೆಕ್ಸ್‌ನ ಪರ್‌ಫ್ಲೀಟ್‌ನಲ್ಲಿ ಸರ್ಕಸ್ ಟ್ಯಾವರ್ನ್ ಎಂಬ ತಗ್ಗು ಮಾಡಿನ ಸಭಾಂಗಣದಲ್ಲಿ ತಮ್ಮದೇ ವಿಶ್ವ ಚಾಂಪಿಯನ್‌ಶಿಪ್ ಶುರು ಮಾಡಿದರು. 24 ಆಟಗಾರರು. ಆಗಷ್ಟೇ ಬೆಳೆಯುತ್ತಿದ್ದ ಸ್ಕೈ ಎಂಬ ಸ್ಯಾಟಲೈಟ್ ಚಾನೆಲ್‌ಗೆ ಹೊಸ ಸರಕು ಬೇಕಿತ್ತು, ಇವರಿಗೆ ಕ್ಯಾಮೆರಾ ಬೇಕಿತ್ತು. ಪ್ರೀಸ್ಟ್‌ಲಿ ಟೇಲರ್‌ರನ್ನು 6-1ರಿಂದ ಸೋಲಿಸಿ ಮೊದಲ ಚಾಂಪಿಯನ್ ಆದರು. ಅತ್ತ ಲೇಕ್‌ಸೈಡ್‌ನಲ್ಲೂ ಚಾಂಪಿಯನ್‌ಶಿಪ್ ನಿಲ್ಲಲಿಲ್ಲ, ಅಲ್ಲಿ ಕೆನಡಾದ ಜಾನ್ ಪಾರ್ಟ್ ಗೆದ್ದರು, ಬ್ರಿಟನ್ ಹೊರಗಿನ ಮೊದಲ ಚಾಂಪಿಯನ್. ಅಂದಿನಿಂದ 2020ರವರೆಗೆ, 27 ವರ್ಷ, ಒಂದೇ ಆಟಕ್ಕೆ ವರ್ಷಕ್ಕೆ ಇಬ್ಬರು ವಿಶ್ವ ಚಾಂಪಿಯನ್ನರು.

ಕೇಸು ಲಂಡನ್ ಹೈಕೋರ್ಟಿಗೆ ಹೋಗಿ ವರ್ಷಗಟ್ಟಲೆ ಎಳೆಯಿತು. ಮನುಷ್ಯನ ದುಡಿಮೆಗೆ ಅಡ್ಡ ನಿಲ್ಲುವ ಹಕ್ಕು ಒಂದು ಸಂಘಕ್ಕೆ ಇದೆಯಾ ಎಂಬುದು ಪ್ರಶ್ನೆ. 1997ರ ಜೂನ್ 30ರಂದು ಎರಡೂ ಕಡೆಯವರು ಕೋರ್ಟಿನ ಮುಂದೆ ಒಪ್ಪಂದಕ್ಕೆ ಬಂದರು. ನಿಷೇಧ ಹೋಯಿತು. ಯಾರು ಎಲ್ಲಿ ಬೇಕಾದರೂ ಆಡಬಹುದು ಎಂದಾಯಿತು. ಕೌನ್ಸಿಲ್ 'ವರ್ಲ್ಡ್' ಎಂಬ ಹೆಸರು ಬಿಟ್ಟು ಪ್ರೊಫೆಶನಲ್ ಡಾರ್ಟ್ಸ್ ಕಾರ್ಪೊರೇಶನ್ ಆಯಿತು.

ಗುಡ್ಡದ ಮೇಲಿನ ಅರಮನೆ

ಆಮೇಲಿನದ್ದನ್ನು ಬೇಗ ಹೇಳಬಹುದು. ಟೇಲರ್ 1995ರಿಂದ 2002ರವರೆಗೆ ಸತತ ಎಂಟು ಸಲ ಗೆದ್ದರು, ಒಟ್ಟು 16 ವಿಶ್ವ ಪ್ರಶಸ್ತಿ. ಅವರ ಕೊನೆಯ ಪಂದ್ಯ 2018ರ ಫೈನಲ್, ರಾಬ್ ಕ್ರಾಸ್ ಎಂಬ ಎಲೆಕ್ಟ್ರಿಷಿಯನ್ ಎದುರು 7-2ರ ಸೋಲು. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ರಿಸ್ಟೋ ಲಿವರ್‌ಪೂಲ್‌ನಲ್ಲಿ ಒಂದು ಡಾರ್ಟ್ಸ್ ಕಾರ್ಯಕ್ರಮ ಮುಗಿಸಿ ಹೊರಬರುವಾಗ ಹೃದಯಾಘಾತದಿಂದ ತೀರಿಕೊಂಡರು.

ನೆದರ್ಲೆಂಡ್ಸ್‌ನ ರೇಮಂಡ್ ವಾನ್ ಬಾರ್ನೆವೆಲ್ಡ್ ಕಾಗದ ಹಂಚುವ ಪೋಸ್ಟ್‌ಮ್ಯಾನ್ ಆಗಿದ್ದವರು. ಲೇಕ್‌ಸೈಡ್‌ನಲ್ಲಿ ನಾಲ್ಕು ಸಲ ಗೆದ್ದು 2006ರಲ್ಲಿ ಈಚೆಗೆ ಬಂದರು. 2007ರ ಫೈನಲ್‌ನಲ್ಲಿ ಟೇಲರ್ ಎದುರು ಮೂರು ಸೆಟ್ ಹಿಂದೆ ಬಿದ್ದು, ಕೊನೆಗೆ 7-6, ಅದೂ ಕಟ್ಟಕಡೆಯ ಲೆಗ್‌ನಲ್ಲಿ ಗೆದ್ದರು. ಅದು ಸರ್ಕಸ್ ಟ್ಯಾವರ್ನ್‌ನ ಕೊನೆಯ ವರ್ಷ. 2008ರಿಂದ ಪಂದ್ಯಾವಳಿ ಉತ್ತರ ಲಂಡನ್ನಿನ ಗುಡ್ಡದ ಮೇಲಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ಗೆ ಹೋಯಿತು. 2001ರಲ್ಲಿ ಮುಖ್ಯಸ್ಥರಾಗಿ ಬಂದ ಬ್ಯಾರಿ ಹರ್ನ್ ಎಂಬ ಪ್ರವರ್ತಕರ ಕೈಯಲ್ಲಿ ಆಟ ಜಾತ್ರೆಯ ರೂಪ ತಾಳಿತು. ಹೆಸರು ನೋಡಿ ನಮ್ಮವರು ಅಂದುಕೊಳ್ಳಬೇಡಿ ಮಾರಾಯ್ರೆ, ಅವರು ಎಸೆಕ್ಸ್‌ನ ಬ್ಯಾರಿ.

2019ರ ಡಿಸೆಂಬರ್‌ನಲ್ಲಿ ಇಲ್ಲೇ ಫ್ಯಾಲನ್ ಶೆರಾಕ್ ಎಂಬ ಹೆಣ್ಣುಮಗಳು ಟೆಡ್ ಎವೆಟ್ಸ್‌ನನ್ನು 3-2ರಿಂದ ಸೋಲಿಸಿದಳು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗಂಡಸನ್ನು ಸೋಲಿಸಿದ ಮೊದಲ ಹೆಣ್ಣು. ಮುಂದಿನ ಸುತ್ತಿನಲ್ಲಿ ಆಸ್ಟ್ರಿಯಾದ ಮೆನ್ಸೂರ್ ಸುಲ್ಯೋವಿಚ್‌ರನ್ನೂ ಮನೆಗೆ ಕಳಿಸಿದಳು. ಇದಕ್ಕೆ ಒಂದು ವರ್ಷ ಮೊದಲು, 2018ರ ಡಿಸೆಂಬರ್‌ನಲ್ಲಿ, ಭಾರತದ ನಿತಿನ್ ಕುಮಾರ್ ಅದೇ ವೇದಿಕೆ ಹತ್ತಿದ್ದರು. ಆ ಸಲ ಮೊದಲ ಸುತ್ತಿನಲ್ಲೇ ಸೋತರು, ಆದರೆ ಹೆಸರಿನ ಮುಂದೆ ಇಂಡಿಯಾ ಅಂತ ಬಂತು. ಗಲ್ಫ್‌ಗೂ ಈ ಆಟ ಮುಟ್ಟಿದೆ. ಈ ಸಂಸ್ಥೆಯ ಪಂದ್ಯಾವಳಿ 2013ರಿಂದ ಕೆಲವು ವರ್ಷ ದುಬೈಯಲ್ಲಿ ನಡೆಯಿತು, 2023ರಲ್ಲಿ ಬಹರೈನ್‌ಗೆ ಬಂತು.

ಇನ್ನೊಂದು ವಿಷಯ ಮುಚ್ಚಿಡಬಾರದು. ಈ ಚಾಂಪಿಯನ್‌ಶಿಪ್ ಸಿಗರೇಟಿನ ಹಣದಲ್ಲಿ ಹುಟ್ಟಿತು, ಒಡೆದ ಪಾಲು ಬಿಯರ್ ಕಂಪನಿಯ ಹಣದಲ್ಲಿ ಶುರುವಾಯಿತು. ಬ್ರಿಟನ್ ಸರ್ಕಾರ ತಂಬಾಕು ಜಾಹೀರಾತು ನಿಲ್ಲಿಸಿದ್ದರಿಂದ 2003ರ ನಂತರ ಎಂಬಸಿ ಹೆಸರು ಹೋಯಿತು. ಅತ್ತ ಹೊಸ ಸಂಸ್ಥೆಯ ಪಂದ್ಯಾವಳಿಗೆ ಇಪ್ಪತ್ತು ವರ್ಷಗಳಿಂದ ಬೆಟ್ಟಿಂಗ್ ಕಂಪನಿಗಳದ್ದೇ ಹೆಸರು. ಆ 10 ಲಕ್ಷ ಪೌಂಡ್ ಹೇಳುವಾಗ ಇದನ್ನೂ ಹೇಳಬೇಕು. ಮಕ್ಕಳ ಬೋರ್ಡ್ ಬೇರೆ, ಆ ಜಾಹೀರಾತು ಬೇರೆ. ಮೊಬೈಲ್‌ನಲ್ಲಿ ಪಂದ್ಯ ನೋಡುವ ಹುಡುಗರ ಮನೆಯವರು ಪರದೆಯ ಮೂಲೆಯಲ್ಲಿ ಏನು ಮಿಂಚುತ್ತಿದೆ ಅಂತ ಒಮ್ಮೆ ನೋಡುವುದು ಒಳ್ಳೆಯದು.

ಮಕ್ಕಳ ಬೋರ್ಡ್ ಅಂದೆನಲ್ಲ, ಲ್ಯೂಕ್ ಲಿಟ್ಲರ್ ಎಂಬ ಹುಡುಗ ಶುರು ಮಾಡಿದ್ದು ಅಂಥದ್ದೇ ಅಯಸ್ಕಾಂತದ ಬೋರ್ಡ್‌ನಲ್ಲಿ, ಎರಡು ವರ್ಷವೂ ತುಂಬುವ ಮೊದಲು. 16ನೇ ವಯಸ್ಸಿಗೆ, 2024ರಲ್ಲಿ, ಫೈನಲ್‌ಗೆ ಬಂದು ಸೋತ. 2025ರ ಜನವರಿ 3ರಂದು, 17ನೇ ವಯಸ್ಸಿಗೆ, ಮೈಕಲ್ ವಾನ್ ಗೆರ್ವೆನ್‌ರನ್ನು 7-3ರಿಂದ ಸೋಲಿಸಿ ಎಲ್ಲರಿಗಿಂತ ಚಿಕ್ಕ ವಿಶ್ವ ಚಾಂಪಿಯನ್ ಆದ.

ಹಾಗಾದರೆ ಹಳೆಯ ಸಂಘಟನೆ? 2011ರಲ್ಲಿ ಓಲಿ ಕ್ರಾಫ್ಟ್‌ರನ್ನು ಅವರೇ ಕಟ್ಟಿದ ಸಂಸ್ಥೆಯವರು ಮತ ಹಾಕಿ ಹೊರಗಿಟ್ಟರು. 2019ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಎರಡು ತಿಂಗಳು ಆಗುವ ಮೊದಲೇ, 2020ರ ಜನವರಿಯಲ್ಲಿ, ಆ ಸಂಸ್ಥೆಯ ಕೊನೆಯ ವಿಶ್ವ ಚಾಂಪಿಯನ್‌ಶಿಪ್ ಲೇಕ್‌ಸೈಡ್ ಬಿಟ್ಟು ಲಂಡನ್ನಿನಲ್ಲಿ ನಡೆಯಿತು. ಟಿಕೆಟ್ ಸರಿಯಾಗಿ ಮಾರಾಟವಾಗಲಿಲ್ಲ. ಹಿಂದಿನ ವರ್ಷ ಗೆದ್ದವರಿಗೆ 1,00,000 ಪೌಂಡ್ ಇತ್ತು, ಈ ಸಲ ವೇಲ್ಸ್‌ನ 57 ವರ್ಷದ ವೇಯ್ನ್ ವಾರನ್‌ಗೆ ಸಿಕ್ಕಿದ್ದು 23,000. ಅದೇ ಚಳಿಗಾಲದಲ್ಲಿ ಅಲೆಕ್ಸಾಂಡ್ರಾ ಪ್ಯಾಲೆಸ್‌ನಲ್ಲಿ ಗೆದ್ದ ಪೀಟರ್ ರೈಟ್‌ಗೆ 5,00,000. ಆ ವರ್ಷ ಮುಗಿಯುವ ಮೊದಲು ಸಂಸ್ಥೆಯ ವ್ಯವಹಾರ ದಿವಾಳಿಯಾಗಿ ಮುಚ್ಚಿತು.

ಕ್ರಾಫ್ಟ್ ದಂಪತಿ ಸಂಘಟನೆ ನಡೆಸಿದ ಮಸ್ವೆಲ್ ಹಿಲ್ ಲಂಡನ್ನಿನ ಯಾವ ಮೂಲೆಯಲ್ಲಿದೆ ಅಂತ ನಕ್ಷೆಯಲ್ಲಿ ನೋಡಿದೆ. ಅಲೆಕ್ಸಾಂಡ್ರಾ ಪ್ಯಾಲೆಸ್‌ನ ಪಕ್ಕದಲ್ಲೇ. ನಡುವೆ ಒಂದು ಪಾರ್ಕ್, ನಡೆದು ಹೋಗುವಷ್ಟು ದೂರ.